ರೊಕ್ಕ ಕೇಳದವರಿಗೂ ತೀರ್ಪು

ಪುಣೆಯ ನಮ್ಮ ಕನ್ನಡ ಬಳಗದ ತಿಂಗಳ ಕೂಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಒದಗಿಸುವ ಹೆಣ್ಣುಮಗಳೊಬ್ಬರಿದ್ದಾರೆ. ಧಾರವಾಡದ ಕಡೆಯವರು, ಬಹಳ ವರ್ಷಗಳಿಂದ ಕೋಥರೂಡಿನಲ್ಲಿ ವಾಸ. ತಮ್ಮ ಹೆಸರು ಎಲ್ಲಿಯೂ ಬರುವುದು ಅವರಿಗೆ ಇಷ್ಟವಿಲ್ಲ, ಆದ್ದರಿಂದ ಬರೆಯುವುದಿಲ್ಲ. ಕಳೆದ ಚಳಿಗಾಲದ ಒಂದು ಭಾನುವಾರ, ಊಟ ಮುಗಿದ ಮೇಲೆ, ಹಿಂಜವಡಿಯ ಕಂಪನಿಗಳಲ್ಲಿ ದುಡಿಯುವ ನಮ್ಮ ಮೂರ್ನಾಲ್ಕು ತರುಣರು ಅವರನ್ನು ಮಾತಿಗೆಳೆದರು. ತಿಂಗಳಿಗೆ ಮಾರಾಟ ಎಷ್ಟು? ಒಂದು ರೊಟ್ಟಿಯ ಮೇಲೆ ಉಳಿಯುವುದೆಷ್ಟು? ಹೊಸ ಗಿರಾಕಿ ಹೇಗೆ ಸಿಗುತ್ತಾರೆ? ಆಕೆ ಒಂದಕ್ಕೂ ತಡವರಿಸಲಿಲ್ಲ. ಸೊಲ್ಲಾಪುರದ ಪೇಟೆಯಲ್ಲಿ ಜೋಳದ ದರ ಏರಿದರೆ ತಮಗೆ ಎಷ್ಟು ದಿನದ ಮೇಲೆ ಬಿಸಿ ತಟ್ಟುತ್ತದೆ, ಗ್ಯಾಸಿಗೆ ಎಷ್ಟು, ತಟ್ಟಲು ಬರುವ ಇಬ್ಬರು ಹೆಂಗಸರ ಕೂಲಿಗೆ ಎಷ್ಟು ಎಂದು ಬೆರಳೆಣಿಸಿ ಹೇಳಿದರು. ನಾನೂ ಒಂದು ಪ್ರಶ್ನೆ ಎಸೆದೆ: ಮುಂಬಯಿಗೆ ಏಕೆ ಕಳಿಸಬಾರದು? ಕೊನೆಗೆ ತರುಣನೊಬ್ಬ ಕುರ್ಚಿಗೆ ಒರಗಿ, ಕೈಕಟ್ಟಿ, ಆ ಕಾರ್ಯಕ್ರಮದ ಧಾಟಿಯಲ್ಲೇ ಹೇಳಿದ: "ಕಾಕೂ, ನಿಮ್ಮ ಮಾಲು ಛಲೋ ಅದ. ಆದ್ರ ಇದು ಸ್ಕೇಲ್ ಆಗೂದಿಲ್ಲ. ಐ ಆಮ್ ಔಟ್." ಎಲ್ಲರೂ ನಕ್ಕರು. ನಾನೂ ನಕ್ಕೆ. ಆಕೆ ಪಾತ್ರೆಗಳನ್ನು ಎತ್ತಿಕೊಳ್ಳುತ್ತ, "ಅಲ್ರೀ, ನಾ ಏನ್ ನಿಮಗ ರೊಕ್ಕ ಕೇಳೀನೇನ್ರಿ?" ಎಂದರು.

ಆ ಪ್ರಶ್ನೆಗೆ ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಈ ಲೇಖನ ಆ ಉತ್ತರವಿಲ್ಲದ ನಗೆಯ ವಿರುದ್ಧ. ಶಾರ್ಕ್ ಟ್ಯಾಂಕ್ ಇಂಡಿಯಾ ಎಂಬ ಕಾರ್ಯಕ್ರಮದ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ದೂರದರ್ಶನದ ಯಾವ ಸ್ಪರ್ಧೆಯೂ ತಾನು ಧರ್ಮಶಾಲೆಯೆಂದು ಹೇಳಿಕೊಂಡಿಲ್ಲ. ನನ್ನ ಜಗಳ ಅದನ್ನು ನೋಡುವ ನಮ್ಮೊಂದಿಗೆ, ನೋಡಿ ಎದ್ದು ನಾವು ಆಡುವ ಅಭಿಪ್ರಾಯಗಳೊಂದಿಗೆ.

ಕಾರ್ಯಕ್ರಮದ ಹುಟ್ಟು ಓದುಗರಿಗೆ ಗೊತ್ತಿರಬಹುದು. 2001ರಲ್ಲಿ ಜಪಾನಿನ ಟಿವಿಯಲ್ಲಿ 'ಹಣದ ಹುಲಿ' ಎಂಬ ಅರ್ಥದ ಹೆಸರಿನಿಂದ ಆರಂಭವಾಯಿತು. 2005ರಲ್ಲಿ ಬಿಬಿಸಿಗೆ ಬಂದಾಗ ಹುಲಿ ಡ್ರ್ಯಾಗನ್ ಆಯಿತು, 2009ರಲ್ಲಿ ಅಮೆರಿಕೆಯಲ್ಲಿ ಶಾರ್ಕ್ ಆಯಿತು, ಜರ್ಮನಿಯಲ್ಲಿ ಸಿಂಹವಾಯಿತು. ಯಾವ ದೇಶದವರೂ ಹಾಲು ಕೊಡುವ ಪ್ರಾಣಿಯ ಹೆಸರಿಟ್ಟಿಲ್ಲ ಎಂಬುದನ್ನಾದರೂ ಅವರ ಪ್ರಾಮಾಣಿಕತೆಯೆಂದು ಮೆಚ್ಚಬೇಕು. ನಮ್ಮಲ್ಲಿ 2021ರ ಡಿಸೆಂಬರ್ 20ರಂದು ಸೋನಿ ವಾಹಿನಿಯಲ್ಲಿ ಹಿಂದಿಯಲ್ಲಿ ಶುರುವಾಯಿತು. ಮಹಾಮಾರಿಯಿಂದ ನೌಕರಿ ಕಳೆದುಕೊಂಡವರು, ಮನೆಯಲ್ಲೇ ಏನಾದರೂ ಮಾಡಿ ಮಾರಲು ಹೊರಟವರು ಪ್ರತಿ ಬೀದಿಯಲ್ಲೂ ಇದ್ದ ಕಾಲ ಅದು. ಪುಣೆಯವರಿಗೆ ಇನ್ನೊಂದು ಕಾರಣವೂ ಇತ್ತು: ಹೂಡಿಕೆದಾರರ ಕುರ್ಚಿಗಳಲ್ಲಿ ಒಂದರಲ್ಲಿ ಇಲ್ಲಿನ ಎಮ್‌ಕ್ಯೂರ್ ಔಷಧ ಕಂಪನಿಯ ನಮಿತಾ ಥಾಪರ್ ಕುಳಿತಿದ್ದರು.

ಅಂದಿನಿಂದ ಪ್ರೇಕ್ಷಕರ ಅಭಿಪ್ರಾಯಕ್ಕೆ ಬರವಿಲ್ಲ. ಕನ್ನಡ ಬಳಗದಲ್ಲಿ, ಕಚೇರಿಯ ಬಸ್ಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ನಾನು ಕೇಳಿದ್ದೆಲ್ಲ ಬಹುಪಾಲು ಸ್ವಭಾವದ ಚರ್ಚೆ. ಅಶ್ನೀರ್ ಗ್ರೋವರ್ ಒರಟನೋ, ನೇರ ಮಾತಿನವನೋ? ಎರಡೂ ಬದಿಗೆ ಹಾಕಿಕೊಳ್ಳಬಹುದಾದ ಉಡುಪು ತಂದ ವಿನ್ಯಾಸಕಿಗೆ ಆತ ಮುಖಕ್ಕೆ ಹೊಡೆದಂತೆ ಮಾತಾಡಿದಾಗ ಅರ್ಧ ಜನ ಚಪ್ಪಾಳೆ ತಟ್ಟಿದರು, ಅರ್ಧ ಜನ ಬೈದರು. ಪೀಯೂಷ್ ಬನ್ಸಲ್ ಸಜ್ಜನ, ಅಮನ್ ಗುಪ್ತಾ ಹಾಸ್ಯಪ್ರಿಯ, ಅನುಪಮ್ ಮಿತ್ತಲ್ ಅನುಭವಿ. ಅತ್ತೆಮನೆಯವರ ಗುಣ ಅಳೆದಂತೆ ಅಳೆದೆವು. ಇನ್ನೊಂದು ವರ್ಗದ ವಿಮರ್ಶಕರು, ತಾವು ಇವರಿಗಿಂತ ಆಳಕ್ಕಿಳಿದೆವೆಂದು ಭಾವಿಸಿ, ಬಂಡವಾಳಿಗರ ಸ್ವಂತ ಕಂಪನಿಗಳಲ್ಲಿ ಯಾವುದು ನಷ್ಟದಲ್ಲಿದೆ ಎಂಬ ಪಟ್ಟಿಯನ್ನು ಮೊಬೈಲಿನಲ್ಲಿ ಹಂಚಿದರು. ಈ ಟೀಕೆಯೂ ಗುರಿ ತಪ್ಪಿದ್ದೇ. ನಷ್ಟ ಮಾಡುವುದು ಹೊಸ ಬಗೆಯ ಕಂಪನಿಗಳ ದೋಷವಲ್ಲ, ಪದ್ಧತಿ. ಬೇರೆಯವರ ಬಂಡವಾಳದಿಂದ ವರ್ಷಗಟ್ಟಲೆ ನಷ್ಟ ತುಂಬಿಕೊಂಡು ಮಾರುಕಟ್ಟೆ ಹಿಡಿಯುವುದೇ ಅವುಗಳ ದಾರಿ. ಕೇಳಬೇಕಾಗಿದ್ದ ಪ್ರಶ್ನೆ ಬೇರೆಯಿತ್ತು: ಆ ಸವಲತ್ತಿನಲ್ಲಿ ಬೆಳೆದವರು, ಎದುರಿಗೆ ನಿಂತ ಉಪ್ಪಿನಕಾಯಿ ವ್ಯಾಪಾರಿಯನ್ನು ಮಾತ್ರ ಈ ತಿಂಗಳ ಲಾಭವೆಷ್ಟೆಂದು ಏಕೆ ಹಿಂಡುತ್ತಾರೆ?

ಎಲ್ಲಕ್ಕಿಂತ ಹೆಚ್ಚು ನಗೆಗೀಡಾದದ್ದು ನಮಿತಾ ಥಾಪರ್ ಅವರ ಒಂದು ಮಾತು. ಇದು ನನ್ನ ಪರಿಣತಿಯ ಕ್ಷೇತ್ರವಲ್ಲ, ಹಾಗಾಗಿ ನಾನು ಹೂಡುವುದಿಲ್ಲ ಎಂಬ ಅರ್ಥದ ಮಾತನ್ನು ಅವರು ಹಲವು ಸಲ ಆಡಿದರು. ಅಷ್ಟಕ್ಕೇ ನೂರಾರು ವ್ಯಂಗ್ಯಚಿತ್ರಗಳು ಹುಟ್ಟಿದವು. ಮಕ್ಕಳು ಹಾಗಲಕಾಯಿ ಪಲ್ಯ ಬೇಡವೆನ್ನಲೂ ಅದೇ ವಾಕ್ಯ ಬಳಸಿದರು. ಅಪ್ಪನ ಕಂಪನಿಯ ಮಗಳೆಂಬ ಚುಚ್ಚುಮಾತು ಬೇರೆ. ನನಗೆ ಆಕೆಯ ವಕಾಲತ್ತು ಬೇಕಿಲ್ಲ. ಆದರೆ ಆ ಇಡೀ ಕೊಳದಲ್ಲಿ ಕೇಳಿಬಂದ ಅತ್ಯಂತ ಪ್ರಾಮಾಣಿಕ ನಿರಾಕರಣೆ ಅದೇ ಎಂದು ನಾನು ಹೇಳುತ್ತೇನೆ. ಬೇಡವೆಂಬುದಕ್ಕೆ ಕಾರಣ ನನ್ನಲ್ಲಿದೆ, ನಿನ್ನಲ್ಲಿಲ್ಲ ಎಂದರು ಆಕೆ. ಉಳಿದವರು ಬೇಡವೆನ್ನುವಾಗ ಎದುರಿನವರ ಬುದ್ಧಿ, ಧೈರ್ಯ, ಉಡುಪು, ಭಾಷೆ, ಗಂಡಹೆಂಡಿರ ಹೊಂದಾಣಿಕೆ ಎಲ್ಲದರಲ್ಲೂ ಕೊರತೆ ಹುಡುಕಿ ಕೊಡುತ್ತಿದ್ದರು. ನಾವು ಅದನ್ನು ಉಪದೇಶವೆಂದು ಸ್ವೀಕರಿಸಿ, ಇದನ್ನು ಹಾಸ್ಯವೆಂದು ನಕ್ಕೆವು.

ನನ್ನ ಮುಖ್ಯ ತಕರಾರು ಇಲ್ಲಿದೆ. ಇಂಥ ಹೂಡಿಕೆಯ ಲೆಕ್ಕ ಬಹಳ ಸರಳವಾದದ್ದು, ಮತ್ತು ಬಹಳ ವಿಚಿತ್ರವಾದದ್ದು. ಹತ್ತು ಕಡೆ ಹಣ ಹಾಕಿದರೆ ಹೆಚ್ಚಿನವು ಮುಳುಗುತ್ತವೆಂದು ಹಾಕುವವನಿಗೆ ಮೊದಲೇ ಗೊತ್ತು. ಮುಳುಗಿದ್ದೆಲ್ಲವನ್ನೂ ತುಂಬಿ ಮೇಲೆ ಲಾಭ ಕೊಡುವಂತೆ ಒಂದಾದರೂ ಹತ್ತಾರು ಪಟ್ಟು ಬೆಳೆಯಬೇಕು. ಆದ್ದರಿಂದ ಹತ್ತಾರು ಪಟ್ಟು ಬೆಳೆಯುವ ಸಾಧ್ಯತೆಯಿಲ್ಲದ ಉದ್ಯೋಗ, ಅದೆಷ್ಟೇ ಸುಸ್ಥಿತಿಯಲ್ಲಿರಲಿ, ಅವನಿಗೆ ನಿರುಪಯುಕ್ತ. ಸಾಲವಿಲ್ಲದೆ, ಕೂಲಿ ಬಾಕಿಯಿಲ್ಲದೆ, ವರ್ಷವರ್ಷವೂ ಒಂದಿಷ್ಟು ಉಳಿಸಿ ಒಂದು ಮನೆತನವನ್ನು ಸಾಕುವ ವ್ಯಾಪಾರಕ್ಕೆ ಆ ಪರಿಭಾಷೆಯಲ್ಲಿ 'ಲೈಫ್‌ಸ್ಟೈಲ್ ಬಿಸಿನೆಸ್' ಎಂದು ಹೆಸರು, ಅದು ಹೊಗಳಿಕೆಯಲ್ಲ. ಹೂಡಿಕೆದಾರನ ಬಾಯಲ್ಲಿ ಈ ಮಾತು ತಪ್ಪಲ್ಲ, ಅದು ಅವನ ಕಸುಬು. ನಮ್ಮಂಥ ಸಂಬಳದವರು, ಯಾವ ಕಂಪನಿಯಲ್ಲೂ ಹತ್ತು ರೂಪಾಯಿ ಪಾಲಿಲ್ಲದವರು, ಆ ಲೆಕ್ಕವನ್ನು ಎತ್ತಿಕೊಂಡು ಬೀದಿಯ ಪ್ರತಿ ಅಂಗಡಿಯ ಯೋಗ್ಯತೆಯನ್ನು ಅಳೆಯತೊಡಗಿದೆವಲ್ಲ, ತಪ್ಪು ಅಲ್ಲಿದೆ. ನಾವು ಗಿರಾಕಿಗಳು, ನಮಗೆ ರೊಟ್ಟಿ ಬಿಸಿಯಿದ್ದರೆ ಸಾಕು. ನಾವು ನೆರೆಯವರು, ಆಕೆಯ ಅಂಗಡಿ ಇನ್ನು ಹತ್ತು ವರ್ಷ ನಡೆದರೆ ನಮಗೆ ಸಂತೋಷವಾಗಬೇಕು. ಅದು ಇಪ್ಪತ್ತು ಪಟ್ಟು ಬೆಳೆಯದೆ ಹೋದರೆ ನಮ್ಮ ಗಂಟೇನು ಹೋಯಿತು?

ಮೊದಲ ಆವೃತ್ತಿಯಲ್ಲಿ ಎಲ್ಲರನ್ನೂ ಅಳಿಸಿದ ಪ್ರಸಂಗವನ್ನೇ ನೋಡೋಣ. ನಾಶಿಕ ಜಿಲ್ಲೆಯ ಮಾಲೇಗಾಂವ ಕಡೆಯ ಹಳ್ಳಿಯಿಂದ ಬಂದ, 'ಜುಗಾಡು ಕಮಲೇಶ್' ಎಂದೇ ಪ್ರಸಿದ್ಧನಾದ ಯುವಕ. ರೈತ ಬೆನ್ನಿನ ಮೇಲೆ ಔಷಧದ ಟಾಕಿ ಹೊತ್ತು ಸಿಂಪಡಿಸುವ ಕಷ್ಟ ತಪ್ಪಿಸಲು, ತಳ್ಳಿಕೊಂಡು ಹೋಗುವ ಗಾಡಿಯೊಂದನ್ನು ವರ್ಷಗಳ ಕಾಲ ತಿದ್ದಿ ತೀಡಿ ಮಾಡಿದ್ದ. ಕೇಳಿದ್ದು ಶೇಕಡಾ 10 ಪಾಲಿಗೆ 30 ಲಕ್ಷ ರೂಪಾಯಿ. ಪೀಯೂಷ್ ಬನ್ಸಲ್ ಕೊಟ್ಟದ್ದು ಶೇಕಡಾ 40 ಪಾಲಿಗೆ 10 ಲಕ್ಷ, ಜೊತೆಗೆ 20 ಲಕ್ಷ ಬಡ್ಡಿಯಿಲ್ಲದ ಸಾಲ. ಅಪ್ಪುಗೆ, ಕಣ್ಣೀರು, ಹಿನ್ನೆಲೆಯ ಸಂಗೀತ. ನಮ್ಮ ಮನೆಯಲ್ಲೂ ಕಣ್ಣೊರೆಸಿಕೊಂಡರು.

ಕಣ್ಣೊರೆಸಿಕೊಂಡ ಮೇಲಾದರೂ ಗುಣಾಕಾರ ಮಾಡಬೇಕಿತ್ತು. ಶೇಕಡಾ 10ಕ್ಕೆ 30 ಲಕ್ಷವೆಂದರೆ ಆತ ತನ್ನ ಉದ್ಯಮದ ಬೆಲೆಯನ್ನು 3 ಕೋಟಿ ಎಂದಿದ್ದ. ಶೇಕಡಾ 40ಕ್ಕೆ 10 ಲಕ್ಷವೆಂದರೆ ಅದು 25 ಲಕ್ಷಕ್ಕಿಳಿಯಿತು, ಹನ್ನೆರಡರಲ್ಲಿ ಒಂದು ಭಾಗ. 3 ಕೋಟಿ ಎಂಬುದು ಹಳ್ಳಿಯ ಹುಡುಗನ ಆಸೆಯ ಅಂಕಿ ಇದ್ದೀತು. ವ್ಯಾಪಾರವೇ ಇನ್ನೂ ಕುದುರದ ಯಂತ್ರಕ್ಕೆ 25 ಲಕ್ಷವೂ ಹೆಚ್ಚೇ ಎಂದು ವಾದಿಸಬಹುದು. ಬಡ್ಡಿಯಿಲ್ಲದ 20 ಲಕ್ಷ ಯಾವ ಬ್ಯಾಂಕೂ ಕೊಡದ ಉಪಕಾರ ಎಂಬುದನ್ನೂ ನಾನು ಒಪ್ಪುತ್ತೇನೆ. ಬನ್ಸಲ್ ಮೋಸ ಮಾಡಿದರೆಂದು ನಾನು ಹೇಳುತ್ತಿಲ್ಲ. ಆದರೆ ಮೊದಲ ಮೆಟ್ಟಿಲಲ್ಲೇ ಶೇಕಡಾ 40 ಬಿಟ್ಟುಕೊಟ್ಟವನ ಕೈಯಲ್ಲಿ ಮುಂದಿನ ಹೂಡಿಕೆದಾರರು ಬಂದಾಗ ಏನು ಉಳಿಯುತ್ತದೆ, ಅಷ್ಟು ಕಡಿಮೆ ಪಾಲುಳಿದ ಸ್ಥಾಪಕನನ್ನು ಕಂಡರೆ ಆ ಮುಂದಿನವರು ಏಕೆ ಹಿಂಜರಿಯುತ್ತಾರೆ, ಇವು ಚರ್ಚಿಸಬೇಕಾದ ಸಂಗತಿಗಳು. ಪಾಲು ಹೆಚ್ಚಾಯಿತೆಂದವರೂ ಇದ್ದರು, ಇಲ್ಲವೆನ್ನಲಾರೆ. ಅವರಿಗೆ ಸಿಕ್ಕ ಉತ್ತರ "ನಿಮಗೆ ಹೃದಯವಿಲ್ಲ" ಎಂಬುದು. ಒಪ್ಪಂದವೊಂದರ ಬಗ್ಗೆ ಒಪ್ಪಂದದ ಭಾಷೆಯಲ್ಲಿ ಮಾತಾಡಿದವನು ಕಟುಕನಾದ. ಸೋಜಿಗವೆಂದರೆ, ಇದೇ ಪ್ರೇಕ್ಷಕರು ರೊಟ್ಟಿಯ ಕಾಕೂ ಎದುರು ಬಂದಾಗ ಮಾತ್ರ ಕಟ್ಟುನಿಟ್ಟಾಗಿ ಲೆಕ್ಕ ಕೇಳುತ್ತಾರೆ. ಬಲವಿದ್ದವರ ಮುಂದೆ ನಮಗೆ ಭಾವ ಉಕ್ಕುತ್ತದೆ, ಬಲವಿಲ್ಲದವರ ಮುಂದೆ ಗಣಿತ.

ಇನ್ನೊಂದು ಮಾತು. ಪರದೆಯ ಮೇಲೆ ಕೈಕುಲುಕಿದ್ದು ಕೊನೆಯ ಒಪ್ಪಂದವಲ್ಲ. ಚಿತ್ರೀಕರಣದ ನಂತರ ದಾಖಲೆಪತ್ರಗಳ ಪರಿಶೀಲನೆ ನಡೆಯುತ್ತದೆ, ಷರತ್ತುಗಳು ಬದಲಾಗಬಹುದು, ಒಪ್ಪಂದವೇ ಮುರಿಯಬಹುದು. ಬೇರೆ ದೇಶಗಳ ಆವೃತ್ತಿಗಳಲ್ಲೂ ಇದು ನಡೆದದ್ದುಂಟು. ಇಷ್ಟೊಂದು ಅಭಿಪ್ರಾಯವಿರುವ ನಾವು, ಹೋದ ವರ್ಷ ಕಣ್ಣೀರು ಹಾಕಿಸಿದವರ ಖಾತೆಗೆ ಹಣ ಬಂತೇ ಎಂದು ವಿಚಾರಿಸಿದ್ದೇವೆಯೇ? ಕುರ್ಚಿಯ ಮೇಲೆ ಯಾರು ಕೂರಬೇಕೆಂಬುದೂ ಬರೀ ಯೋಗ್ಯತೆಯ ಮಾತಲ್ಲ. ಜೊಮ್ಯಾಟೊದ ದೀಪಿಂದರ್ ಗೋಯಲ್ 2024ರ ಮೂರನೆಯ ಆವೃತ್ತಿಯಲ್ಲಿದ್ದರು, ಮರುವರ್ಷ ಇರಲಿಲ್ಲ. ಪ್ರತಿಸ್ಪರ್ಧಿ ಸ್ವಿಗ್ಗಿ ಪ್ರಾಯೋಜಕನಾದದ್ದೇ ಕಾರಣವೆಂದು ತಾವು ಕೇಳಿದ್ದಾಗಿ ಅವರೇ ಬಹಿರಂಗವಾಗಿ ಹೇಳಿದರು.

ಹುಬ್ಬಳ್ಳಿ-ಬೆಳಗಾವಿ ಕಡೆಯಿಂದ ಪುಣೆಗೆ ಬಂದ ನಮಗೆ ಕಮಲೇಶನ ಗಾಡಿ ಇನ್ನೊಂದು ಕೃಷಿ ಉಪಕರಣವನ್ನು ನೆನಪಿಸಬೇಕಿತ್ತು. ಲಕ್ಷ್ಮಣರಾವ್ ಕಿರ್ಲೋಸ್ಕರ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುವಾದ ಉದ್ಯಮ ಅವರದು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಗುಲಿದರೆ ಭೂಮಿ ಕೆಡುತ್ತದೆಂದು ನಂಬಿದ್ದ ರೈತರು ಆ ನೇಗಿಲನ್ನು ಮುಟ್ಟಲಿಲ್ಲ. ಮೊದಲ ಕೆಲವು ನೇಗಿಲು ಖರ್ಚಾಗಲು ವರ್ಷಗಳೇ ಹಿಡಿದವು. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಕರೆದು ಜಾಗವನ್ನೂ ಸಾಲವನ್ನೂ ಕೊಟ್ಟವರು ಔಂಧ ಸಂಸ್ಥಾನದ ದೊರೆ. (ಪುಣೆಯ ಓದುಗರು ತಮ್ಮ ಊರಿನ ಔಂಧವೆಂದು ತಿಳಿಯಬಾರದು, ಇದು ಸಾತಾರೆಯ ಕಡೆಯದು.) 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಇಂದು ಆ ಮನೆತನದ ಕಂಪನಿಗಳ ಮುಖ್ಯ ಕಚೇರಿಗಳು ನಮ್ಮ ಈ ಊರಿನಲ್ಲಿವೆ.

ಆ ನೇಗಿಲನ್ನು ಹೊತ್ತು ಲಕ್ಷ್ಮಣರಾಯರು ಕೊಳದ ಎದುರು ನಿಂತಿದ್ದರೆ? ಎರಡು ವರ್ಷದಲ್ಲಿ ಬೆರಳೆಣಿಕೆಯ ಮಾರಾಟ. ಗಿರಾಕಿಗೆ ಮಾಲೇ ಬೇಡ. ಐದು ಕುರ್ಚಿಗಳೂ ಹತ್ತು ನಿಮಿಷದಲ್ಲಿ ಮುಖ ತಿರುಗಿಸುತ್ತಿದ್ದವು, ನಾವೂ ಸೋಫಾದ ಮೇಲೆ ಕುಳಿತು "ಮಾರುಕಟ್ಟೆಯ ಅಧ್ಯಯನವೇ ಮಾಡಿಲ್ಲ" ಎನ್ನುತ್ತಿದ್ದೆವು. ರಾಜನ ಕೃಪೆಯೂ ಒಂದು ಬಗೆಯ ಜೂಜೇ ಎಂದು ಯಾರಾದರೂ ಹೇಳಬಹುದು. ಹೌದು. ಎಷ್ಟೋ ಲಕ್ಷ್ಮಣರಾಯರಿಗೆ ಎಷ್ಟೋ ದೊರೆಗಳು ಬಾಗಿಲು ಹಾಕಿದ್ದಾರು. ಆದರೆ ಆ ದೊರೆ ಸಾಲ ಕೊಟ್ಟ. ಕಾರಖಾನೆಯ ಅರ್ಧ ಬರೆಸಿಕೊಳ್ಳಲಿಲ್ಲ, ಜನರನ್ನು ಸೇರಿಸಿ ಚಪ್ಪಾಳೆಯನ್ನೂ ತಟ್ಟಿಸಲಿಲ್ಲ.

ದೊರೆಗಳ ಮಾತು ಬಿಡೋಣ. ರೊಟ್ಟಿಯ ಕಾಕೂ ಬಂಡವಾಳ ಎಲ್ಲಿಂದ ತಂದರು ಎಂದು ನಾನು ಆಮೇಲೆ ವಿಚಾರಿಸಿದೆ. ಮೊದಲ ಗಿರಣಿ, ಮೊದಲ ದೊಡ್ಡ ಒಲೆ ಕೊಂಡದ್ದು 'ಪಿಗ್ಮಿ'ಯಿಂದ. ಮಹಾರಾಷ್ಟ್ರದ ಪತಸಂಸ್ಥೆಗಳಲ್ಲಿ ದಿನದಿನವೂ ಮನೆಗೆ ಬಂದು ಚಿಲ್ಲರೆ ಕೂಡಿಸಿಕೊಂಡು ಹೋಗುವ ಠೇವಣಿಗೆ ಎಲ್ಲರೂ ಬಳಸುವ ಪದ ಅದು. ಆ ಪದದ ತವರು ಉಡುಪಿ. 1925ರಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಿಂದ ಆರಂಭಿಸಿದ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಕೈಮಗ್ಗದ ಬಿಕ್ಕಟ್ಟಿನಲ್ಲಿ ಸಿಕ್ಕಿದ್ದ ನೇಕಾರರಿಗೆ ನೆರವಾಗಲೆಂದು ಹುಟ್ಟಿದ್ದು. 1928ರಲ್ಲಿ ಅದು ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಇದ್ದವರ ಮನೆಬಾಗಿಲಿಗೂ ಬ್ಯಾಂಕಿನ ಮನುಷ್ಯ ಬಂದ. ಮುಂದೆ ಅದು ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಹೆಸರು ಹೋಯಿತು, ಪಿಗ್ಮಿ ಉಳಿಯಿತು, ಭಾಷೆಯ ಗಡಿ ದಾಟಿ ಕೋಥರೂಡಿನ ಓಣಿಗೂ ಬಂತು.

ಎರಡು ವ್ಯವಸ್ಥೆಗಳಲ್ಲಿ ಯಾರು ಯಾರ ಬಾಗಿಲಿಗೆ ಹೋಗುತ್ತಾರೆ ಎಂಬುದನ್ನು ಗಮನಿಸಿ. ಅಲ್ಲಿ ಹಣ ಕೂಡಿಸುವವನು ಮೆಟ್ಟಿಲು ಹತ್ತಿ ಬರುತ್ತಾನೆ. ದಿನವೂ ನೋಡುವುದರಿಂದ ಯಾವ ಮನೆಯಲ್ಲಿ ವ್ಯಾಪಾರ ನಡೆದಿದೆ, ಯಾವ ಮನೆಯಲ್ಲಿ ಕಾಯಿಲೆಯಿದೆ ಎಂಬುದು ಅವನಿಗೆ ಗೊತ್ತು. ಸಾಲ ಕೇಳಿದಾಗ ಅವನ ಮಾತೇ ಅರ್ಧ ಜಾಮೀನು. ಇಲ್ಲಿ ಕೇಳುವವನು ಉದ್ದನೆಯ ಓಣಿಯಂಥ ದಾರಿಯಲ್ಲಿ ನಡೆದು ಬಂದು, ದೀಪದ ಕೆಳಗೆ ನಿಂತು, ತಂದೆಯ ಸಾವು, ಅಡವಿಟ್ಟ ಬಂಗಾರ, ಮುರಿದ ನೌಕರಿ ಎಲ್ಲವನ್ನೂ ಹರಡಿ ಕೂರಬೇಕು. ದುಃಖವೂ ಸರಕಿನ ಜೊತೆಯಲ್ಲಿ ತೂಕಕ್ಕೆ ಬೀಳುತ್ತದೆ.

ನಮ್ಮ ಹಳೆಯ ವ್ಯವಸ್ಥೆಯನ್ನು ನಾನು ಬೆಳ್ಳಿಯ ಹರಿವಾಣದಲ್ಲಿಟ್ಟು ತೋರಿಸುತ್ತಿಲ್ಲ. ಕರಾವಳಿಯ ಬ್ಯಾಂಕುಗಳು ಬೆಳೆದದ್ದು ಜಾತಿಯ ಬಳಗಗಳ ವಿಶ್ವಾಸದ ಮೇಲೆ. ಬಳಗದ ಹೊರಗಿನವನಿಗೆ ಆ ಬಾಗಿಲು ಅಷ್ಟು ಸಲೀಸಾಗಿ ತೆರೆಯುತ್ತಿರಲಿಲ್ಲ. ಮುಂಬಯಿ-ಪುಣೆಗಳ ನಮ್ಮ ಉಡುಪಿ ಹೋಟೆಲುಗಳ ಹೆಮ್ಮೆಯ ಕಥೆಗಳಲ್ಲಿ ಟೇಬಲ್ಲು ಒರೆಸಿದ ಹತ್ತು ವರ್ಷದ ಹುಡುಗರ ಸಂಬಳದ ಲೆಕ್ಕ ಎಲ್ಲಿಯೂ ಬರುವುದಿಲ್ಲ. ಯಾವ ಬಳಗದ ಶಿಫಾರಸೂ ಇಲ್ಲದ ಹುಡುಗಿಯೊಬ್ಬಳು ದೇಶದ ಎದುರು ನಿಂತು ತನ್ನ ಮಾಲಿನ ಬಗ್ಗೆ ಮಾತಾಡಬಲ್ಲಳೆಂಬುದು ಈ ಕಾರ್ಯಕ್ರಮದಿಂದ ಬಂದ ಒಳ್ಳೆಯದೇ. ನನ್ನ ಹೆಂಡತಿಗೆ ಷೇರು ಎಂದರೇನೆಂದು ನಾನು ಇಪ್ಪತ್ತು ವರ್ಷ ವಿವರಿಸಿ ಸೋತಿದ್ದೆ. ಈಗ ಆಕೆ ನನಗೆ ವಿವರಿಸುತ್ತಾಳೆ.

ಅಷ್ಟು ಕಲಿತ ಮೇಲೆ, ಕಲಿತದ್ದನ್ನು ಎಲ್ಲಿ ಪ್ರಯೋಗಿಸಬೇಕೆಂಬ ವಿವೇಕವನ್ನೂ ಕೇಳುವುದು ತಪ್ಪೇ? ಕುರ್ಚಿಯಲ್ಲಿ ಕುಳಿತವರಿಗೆ ಪ್ರಶ್ನೆ ಹಾಕಿ: ಈ ಪಾಲು ಏಕೆ ಇಷ್ಟು? ಕಳೆದ ಸಲ ಒಪ್ಪಿದ್ದರಲ್ಲಿ ಎಷ್ಟಕ್ಕೆ ಹಣ ಕೊಟ್ಟಿರಿ? ಪ್ರಾಯೋಜಕನ ಹಿತಕ್ಕೂ ನಿಮ್ಮ ತೀರ್ಪಿಗೂ ಸಂಬಂಧವೇನು? ನಮ್ಮ ತರುಣರ ಮೊನಚು ಬುದ್ಧಿ ಅಲ್ಲಿ ಬೇಕು. ಹೊರನಾಡಿನ ಕನ್ನಡಿಗರಾದ ನಮಗಂತೂ ಇದು ಹೆಚ್ಚು ಅನ್ವಯಿಸುತ್ತದೆ. ಇಲ್ಲಿ ನಮ್ಮೂರಿನ ಊಟ, ನಮ್ಮೂರಿನ ಮಾತು ಉಳಿದಿರುವುದು ಬೆಳೆಯದ ವ್ಯಾಪಾರಗಳಿಂದ: ಹಪ್ಪಳ-ಸಂಡಿಗೆಯ ಮನೆ, ಕನ್ನಡ ಪತ್ರಿಕೆ ತರಿಸುವ ಒಂದೇ ಒಂದು ಅಂಗಡಿ, ಶನಿವಾರ ಕನ್ನಡ ಅಕ್ಷರ ಕಲಿಸುವ ನಿವೃತ್ತ ಮೇಷ್ಟರು, ಮಂಗಳಾರತಿಗೆ ಬರುವ ಭಟ್ಟರು. ಸ್ಕೇಲ್ ಆಗದ್ದೆಲ್ಲ ಮುಚ್ಚಲಿ ಎಂದರೆ ಈ ಬ್ಲಾಗನ್ನೇ ಮೊದಲು ಮುಚ್ಚಬೇಕಾದೀತು.

ಈ ಮಾತುಗಳನ್ನು ಬಳಗದಲ್ಲಿ ಓದಿದಾಗ, ಅಂದು ತೀರ್ಪು ಕೊಟ್ಟಿದ್ದ ತರುಣ ನನ್ನನ್ನು ಪಕ್ಕಕ್ಕೆ ಕರೆದು, "ಸರ್, ಅದು ಬರೇ ಚ್ಯಾಷ್ಟಿ ಇತ್ತು, ನೀವು ಭಾಳ ಮನಸ್ಸಿಗೆ ಹಚ್ಚಿಕೊಂಡೀರಿ" ಎಂದ. ಚೇಷ್ಟೆಯೇ ಸರಿ; ಒಳ್ಳೆಯ ಹುಡುಗ ಅವನು. ಆದರೆ ಚೇಷ್ಟೆಗೆ ನಮಗೆ ತಟ್ಟನೆ ಒದಗಿಬಂದ ಪಾತ್ರ ಯಾವುದೆಂದು ಅವನನ್ನು ಕೇಳಿದೆ. ಐದಾರು ಜನರಿದ್ದೆವು, ಒಬ್ಬನಾದರೂ ಕೇಳುವವನ ಪಾತ್ರ ಹಾಕಲಿಲ್ಲ. ಎಲ್ಲರೂ ಕುರ್ಚಿಯವರೇ ಆದೆವು. ಅವನು ಸ್ವಲ್ಪ ಯೋಚಿಸಿ, ಈ ವಾರ ಕಾಕೂನ ಮನೆಗೆ ಹೋಗುವುದಿದೆ, ರೊಟ್ಟಿ ತರಬೇಕು ಎಂದ. ಡಜನ್ನಿಗೆ ಹತ್ತು ರೂಪಾಯಿ ಏರಿಸಿದ್ದಾರಂತೆ, ಸೊಲ್ಲಾಪುರದಲ್ಲಿ ಜೋಳ ತುಟ್ಟಿಯಾಗಿದೆ. ನನಗೂ ಎರಡು ಡಜನ್ ಹೇಳಿದೆ.